ನಿಮಗಿದು ಗೊತ್ತೆ? ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ಸೋಜಿಗಗಳು



ಲೋಕದಲ್ಲಿ ಅತ್ಯುನ್ನತ ಶಿಖರ ಯಾವುದು, ಅತಿ ದೊಡ್ಡ ಮರುಭೂಮಿ ಯಾವುದು ಎಂದು ಕೇಳಿದರೆ ನಮ್ಮ ಮನೆಗಳ ಮಕ್ಕಳು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಹೇಳುತ್ತಾರೆ. ಅದೇ ಮಕ್ಕಳನ್ನು, ನಿಮ್ಮ ಹಿತ್ತಿಲಿನ ಹಳ್ಳದ ನೀರು ಕೊನೆಗೆ ಯಾವ ಸಮುದ್ರವನ್ನು ಸೇರುತ್ತದೆ ಎಂದು ಕೇಳಿ ನೋಡಿರಿ. ಮಗು ತಾಯಿಯ ಮುಖ ನೋಡುತ್ತದೆ, ತಾಯಿ ಅಜ್ಜನ ಮುಖ ನೋಡುತ್ತಾಳೆ. ದೂರದ ಸೋಜಿಗ ಬಾಯಿಪಾಠವಾಗಿದೆ, ಹತ್ತಿರದ ಸೋಜಿಗ ಮರೆತುಹೋಗುತ್ತಿದೆ. ಆದುದರಿಂದ ಈ ತಿಂಗಳು ಹೊರದೇಶಗಳ ವಿಸ್ಮಯಗಳನ್ನು ಬದಿಗಿರಿಸಿ, ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳನ್ನು ಈ ಪುಟಕ್ಕೆ ಆರಿಸಿಕೊಂಡಿದ್ದೇವೆ. ಲೋಕ ದೊಡ್ಡದು, ಅದು ತಾನಾಗಿಯೇ ನಡುನಡುವೆ ಬಂದು ಹೋಗುತ್ತದೆ.

ಮೊದಲು ಹಳ್ಳದ ನೀರಿನ ಮಾತನ್ನೇ ಮುಗಿಸೋಣ. ಶಿರಸಿ ತಾಲ್ಲೂಕಿನಲ್ಲಿ ಒಂದೇ ದಿನ ಸುರಿದ ಮಳೆ ಎರಡು ಸಮುದ್ರಗಳನ್ನು ಸೇರುತ್ತದೆ! ಪೇಟೆಯ ನಡುವಿನ ಶಂಕರಹೊಂಡವನ್ನು ಅಘನಾಶಿನಿ ನದಿಯ ಮೂಲವೆಂದು ಜನ ಪೂಜಿಸುತ್ತಾರೆ. ಮಂಜುಗುಣಿಯ ಕಡೆಯಿಂದ ಬರುವ ಇನ್ನೊಂದು ಕವಲು ಮುಂದೆ ಅದನ್ನು ಕೂಡಿಕೊಳ್ಳುತ್ತದೆ. ಸಿದ್ದಾಪುರ ತಾಲ್ಲೂಕಿನಲ್ಲಿ ಉಂಚಳ್ಳಿಯ ಜಲಪಾತವಾಗಿ ಧುಮುಕಿ, ಎಲ್ಲಿಯೂ ಅಣೆಕಟ್ಟು ಕಾಣದೆ, ತದಡಿಯ ಬಳಿ ಈ ನದಿ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಶಿರಸಿ ತಾಲ್ಲೂಕಿನ ಬನವಾಸಿಯಲ್ಲಿ ಹರಿಯುವ ವರದೆ ಮಾತ್ರ ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆಯುತ್ತಾಳೆ. ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನೂ, ಅವಳ ಜೊತೆಗೆ ಕೃಷ್ಣೆಯನ್ನೂ ಸೇರಿ, ಆಂಧ್ರವನ್ನು ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತಾಳೆ.

ಇದಕ್ಕಿಂತ ಹೆಚ್ಚಿನ ಸೋಜಿಗ ಇನ್ನೊಂದಿದೆ. ಸಮುದ್ರದಿಂದ ಬಹುದೂರ ಒಳನಾಡಿನಲ್ಲಿರುವ ಧಾರವಾಡದ ದಕ್ಷಿಣಕ್ಕೆ ಹುಟ್ಟುವ ಹೊಳೆ, ಬಯಲಸೀಮೆಯ ಕಡೆಗೆ ಹೋಗದೆ ಪಶ್ಚಿಮಕ್ಕೆ ತಿರುಗುತ್ತದೆ. ಅದೇ ಬೇಡ್ತಿ, ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಹಂತಹಂತವಾಗಿ ಬಿದ್ದು, ಕರಾವಳಿಯಲ್ಲಿ ಗಂಗಾವಳಿ ಎಂಬ ಹೆಸರು ಪಡೆದು ಅರಬ್ಬಿ ಸಮುದ್ರವನ್ನು ಸೇರುತ್ತದೆ. ಸಮುದ್ರಕ್ಕೆ ಹತ್ತಿರವಿರುವ ಬನವಾಸಿಯ ನೀರು ದೂರದ ಕಡಲಿಗೆ, ಸಮುದ್ರಕ್ಕೆ ದೂರವಿರುವ ಧಾರವಾಡದ ನೀರು ಹತ್ತಿರದ ಕಡಲಿಗೆ! ಭೂಪಟವನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಬೆರಳಿನಿಂದ ತೋರಿಸಿರಿ.

ಇದು ಬರಿಯ ಮಕ್ಕಳಾಟದ ಮಾತಲ್ಲ. ಬೇಡ್ತಿಯ ನೀರನ್ನು ತಿರುಗಿಸಿ ವರದೆಗೆ ಹರಿಸಬೇಕೆಂಬ ಯೋಜನೆ ದಶಕಗಳಿಂದ ಸರ್ಕಾರದ ಕಡತಗಳಲ್ಲಿದೆ. ಹಾವೇರಿ ಸೀಮೆಯ ರೈತರು ಅದು ಬೇಕೆನ್ನುತ್ತಾರೆ. ಶಿರಸಿ, ಯಲ್ಲಾಪುರದವರು ಕಾಡೂ ನೀರೂ ಹೋದೀತೆಂದು ಬೇಡವೆನ್ನುತ್ತಾರೆ. ನಮ್ಮ ಸಮಾಜದ ಮನೆಗಳು ಎರಡೂ ಕಡೆ ಇವೆ. ಹೆಣ್ಣು ಕೊಟ್ಟವರು ಒಂದು ಕಡೆ, ತಂದವರು ಇನ್ನೊಂದು ಕಡೆ. ಬೀಗರು ಪಂಕ್ತಿಯಲ್ಲಿ ಕುಳಿತು ಈ ವಿಷಯವನ್ನು ಚರ್ಚಿಸುವ ಮೊದಲು, ಯಾವ ಹೊಳೆ ಎಲ್ಲಿ ಹುಟ್ಟಿ ಎತ್ತ ಹೋಗುತ್ತದೆ ಎಂಬಷ್ಟನ್ನಾದರೂ ತಿಳಿದಿದ್ದರೆ ಒಳ್ಳೆಯದೆಂದು ನಮಗೆ ತೋರುತ್ತದೆ.

ಬನವಾಸಿಯ ಹೆಸರು ಬಂತು. ಕ್ರಿ.ಶ. 2ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿ ಎಂಬ ಭೂಗೋಳಜ್ಞನ ಗ್ರಂಥದಲ್ಲಿ ಈ ಊರಿನ ಹೆಸರಿದೆ. ಅಶೋಕನ ಕಾಲದಲ್ಲಿ ಬನವಾಸಿಗೆ ರಕ್ಖಿತನೆಂಬ ಬೌದ್ಧ ಧರ್ಮಪ್ರಚಾರಕನನ್ನು ಕಳುಹಿಸಿದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಕದಂಬರ ರಾಜಧಾನಿಯೆಂಬುದನ್ನು ಎಲ್ಲರೂ ಬಲ್ಲರು. ಆದರೆ ಶರಣರ ಮನೆಗಳಲ್ಲಿ ಮೊದಲು ನೆನೆಯಬೇಕಾದ ಹೆಸರು ಅಲ್ಲಮಪ್ರಭುವಿನದು.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಹರಿಹರನ ರಗಳೆಯಲ್ಲಿ ಬರುವ ಅಲ್ಲಮ ಬಳ್ಳಿಗಾವೆಯವನು. ಅವನು ಕಾಮಲತೆಯೆಂಬ ಹೆಣ್ಣಿಗೆ ಮನಸೋಲುತ್ತಾನೆ. ಜ್ವರದಿಂದ ಅವಳು ತೀರಿಕೊಂಡಾಗ ದುಃಖದಲ್ಲಿ ಅಲೆಯುತ್ತ ಕಾಲಬೆರಳಿನಿಂದ ನೆಲ ಕೆದರುತ್ತಾನೆ. ಚಿನ್ನದ ಕಳಸ ಕಾಣುತ್ತದೆ. ಅಗೆದರೆ ನೆಲದೊಳಗೊಂದು ಗುಡಿ, ಒಳಗೆ ಅನಿಮಿಷಯ್ಯ. ಎರಡು ಶತಮಾನಗಳ ಅನಂತರ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ಬರೆದ ಪ್ರಭುಲಿಂಗಲೀಲೆಯಲ್ಲಿ ಕತೆಯೇ ಬೇರೆ. ಅಲ್ಲಿ ಬನವಾಸಿಯ ಅರಸು ಮಮಕಾರ, ಅವನ ಮಗಳು ಮಾಯೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ, ಆದರೆ ಅವನು ಅವಳ ಕೈಗೆ ಸಿಕ್ಕುವುದಿಲ್ಲ. ಒಬ್ಬ ಕವಿಯ ಅಲ್ಲಮ ಪ್ರೀತಿಸಿ, ಕಳೆದುಕೊಂಡು, ನೊಂದು ಶರಣನಾದವನು; ಇನ್ನೊಬ್ಬ ಕವಿಯ ಅಲ್ಲಮ ಮೊದಲಿನಿಂದಲೇ ಮಾಯೆಗೆ ಅತೀತನು. ನಮ್ಮ ಮನೆಗಳ ಪುರಾಣಪ್ರವಚನಗಳಲ್ಲಿ ಎರಡನೆಯದೇ ಹೆಚ್ಚಾಗಿ ಕೇಳಿಬರುತ್ತದೆ. ಮೊದಲನೆಯದೂ ಅಷ್ಟೇ ಹಿರಿದೆಂಬುದು ನಮ್ಮ ಅಭಿಪ್ರಾಯ.

ಅಲ್ಲಮ ಬಳ್ಳಿಗಾವೆಯವನೋ ಬನವಾಸಿಯವನೋ ಎಂಬ ಜಗಳಕ್ಕೆ ದೊಡ್ಡ ಕಾರಣವಿಲ್ಲ. ಆ ಕಾಲದಲ್ಲಿ ಬನವಾಸಿ ಎಂದರೆ ಒಂದು ಊರಷ್ಟೇ ಅಲ್ಲ, ‘ಬನವಾಸಿ ಹನ್ನೆರಡು ಸಾವಿರ’ ಎಂಬ ದೊಡ್ಡ ನಾಡು. ಆ ನಾಡಿನ ಮುಖ್ಯಪಟ್ಟಣವೇ ಬಳ್ಳಿಗಾವೆ. ಇನ್ನೊಂದು ಮಾತು: ಪ್ರಭುಲಿಂಗಲೀಲೆಯನ್ನು 17ನೆಯ ಶತಮಾನದಲ್ಲಿ ಶಿವಪ್ರಕಾಶರು ತಮಿಳಿಗೆ ತಂದರು, ತೆಲುಗಿನಲ್ಲಿ ಪಿಡುಪರ್ತಿ ಸೋಮನಾಥನು ಹಾಡಿದನು, ಮರಾಠಿಯಲ್ಲಿಯೂ ಅದಿದೆ. ಹೀಗೆ ಮಧುಕೇಶ್ವರನ ಗುಡಿಯ ಮದ್ದಳೆಯ ದನಿ ತಮಿಳು ನಾಡಿನ ಮಠಗಳವರೆಗೂ ಕೇಳಿಸಿತು.

ಆ ಗುಡಿಗೆ ಹೋದವರು ಕಲ್ಲಿನ ಮಂಚವನ್ನು ತಪ್ಪದೆ ನೋಡಿರುತ್ತಾರೆ. ಅದು ಸೋದೆಯ ಅರಸರ ಕಾಲದ್ದು. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಹೊರಳಿದರೆ ಸಿಕ್ಕುವ ಈ ಸೋದೆ, ಈಗ ಸೋಂದಾ, ಒಂದು ಸಣ್ಣ ಊರು. ಅಲ್ಲಿ ಮಾಧ್ವರ ವಾದಿರಾಜ ಮಠವಿದೆ, ಅದ್ವೈತಿಗಳ ಸ್ವರ್ಣವಲ್ಲಿ ಮಠವಿದೆ, ಜೈನರ ಸ್ವಾದಿ ಮಠವಿದೆ. ಇಷ್ಟು ಸಾಲದೆಂಬಂತೆ ಆಳಿದ ಅರಸು ಮನೆತನವೋ ಮೊದಲು ಜೈನ, ಅನಂತರ ವೀರಶೈವ! ಒಂದೇ ಊರಿನ ಸುತ್ತ ನಾಲ್ಕು ಪರಂಪರೆಗಳು ಹೀಗೆ ನೆರೆಹೊರೆಯಾಗಿ ಬಾಳಿದ ಉದಾಹರಣೆ ನಾಡಿನಲ್ಲಿ ಹೆಚ್ಚಿಲ್ಲ.

ಈ ಮನೆತನದ ಸದಾಶಿವರಾಯನು 1678ರಿಂದ 1718ರ ವರೆಗೆ ಆಳಿದವನು. ಅರಸನಾಗಿ ಅವನನ್ನು ಬಲ್ಲವರು ಹಲವರಿದ್ದಾರೆ. ಅವನು ಸ್ವರವಚನಗಳನ್ನು ರಚಿಸಿದ ಶಿವಕವಿಯೂ ಹೌದೆಂಬುದನ್ನು ಬಲ್ಲವರು ಕೆಲವರೇ. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕೊರೆದಿರುವ ಸಹಸ್ರಲಿಂಗ ಅವನ ಕಾಲದ ಕೆಲಸವೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಲಿಂಗಗಳೆಲ್ಲ ನೀರೊಳಗೆ. ನೀರಿಳಿದಂತೆ ಒಂದೊಂದಾಗಿ ಹೊರಗೆ. ಮಹಾಶಿವರಾತ್ರಿಯ ಹೊತ್ತಿಗೆ ಸರಿಯಾಗಿ ದರ್ಶನ. ಇಂಥದು ಲೋಕದಲ್ಲಿ ಇದೊಂದೇ ಎಂದು ಮಾರ್ಗದರ್ಶಿಗಳು ಹೇಳುವುದುಂಟು, ಹಾಗಲ್ಲ. ಕಾಂಬೋಡಿಯದ ಅಂಗ್ಕೋರ್ ಸಮೀಪದ ಕ್ಬಾಲ್ ಸ್ಪಿಯನ್ ಎಂಬಲ್ಲಿ ಹೊಳೆಯ ತಳದ ಬಂಡೆಯ ಮೇಲೆ ಹೀಗೆಯೇ ಸಾಲುಸಾಲು ಲಿಂಗಗಳನ್ನು 11ನೆಯ ಶತಮಾನದಲ್ಲಿಯೇ ಕೊರೆದಿದ್ದಾರೆ. ಕಾಡು ಮುಚ್ಚಿದ್ದ ಆ ಸ್ಥಳವನ್ನು ಫ್ರಾನ್ಸಿನ ವಿದ್ವಾಂಸನೊಬ್ಬನು 1960ರ ದಶಕದ ಕೊನೆಯಲ್ಲಿ ಹೊರಲೋಕಕ್ಕೆ ತಿಳಿಸಿದನು. ಲಿಂಗದ ಮೇಲೆ ಹರಿದು ಹೋದ ನೀರು ಕೆಳಗಿನ ಗದ್ದೆಗಳನ್ನು ಪಾವನ ಮಾಡುತ್ತದೆಂಬ ಭಾವನೆ ಅಲ್ಲಿಯದು.

ಸೋದೆಯ ಕತೆಯ ಕೊನೆ ಇನ್ನೂ ವಿಚಿತ್ರ. 1763ರಲ್ಲಿ ಇಕ್ಕೇರಿ ಸಂಸ್ಥಾನವನ್ನು ಗೆದ್ದ ಹೈದರಾಲಿಯ ಸೈನ್ಯ ಸೋದೆಗೂ ಬಂದಾಗ ಅರಸು ಮನೆತನ ಗೋವೆಗೆ ಓಡಿತು. ಫೋಂಡಾ, ಕೇಪೆ, ಕಾಣಕೋಣ ಮುಂತಾದ ಸೋದೆಯ ಸೀಮೆಗಳು ಪೋರ್ಚುಗೀಸರ ಪಾಲಾದವು; ಅವರ ಚರಿತ್ರೆಯಲ್ಲಿ ‘ಹೊಸ ಗೆಲುವುಗಳು’ ಎಂದು ಕರೆಯುವ ನೆಲದ ಒಂದು ದೊಡ್ಡ ಭಾಗ ಹೀಗೆ ಬಂದುದು. ಪೋರ್ಚುಗೀಸರು ಅರಸರಿಗೆ ವೇತನ ಗೊತ್ತುಮಾಡಿದರು. ಫೋಂಡಾದ ಬಾಂದೋಡೆಯಲ್ಲಿ ಅವರು ನೆಲಸಿದ ಅರಮನೆಗೆ ಶಿವತೀರ್ಥವೆಂದು ಹೆಸರು. ಶಿವಭಕ್ತ ಮನೆತನ, ಕ್ರೈಸ್ತ ದೊರೆತನದ ಆಶ್ರಯ, ಮನೆಗೆ ಶಿವನ ಹೆಸರು. ಮಂಗೇಶಿ, ಶಾಂತಾದುರ್ಗೆಯರ ದರ್ಶನಕ್ಕೆ ಹೋಗುವ ನಮ್ಮ ಜನ ಇದರ ಸಮೀಪದಲ್ಲಿಯೇ ಹಾದುಹೋಗುತ್ತಾರೆ.

ಚರಿತ್ರೆಯ ಇನ್ನೊಂದು ಮಾತು ಹೇಳಿ ಮುಂದೆ ಹೋಗೋಣ. ಅಮೆರಿಕದ ಯುದ್ಧವೊಂದು ಈ ತಾಲ್ಲೂಕುಗಳ ಆಡಳಿತವನ್ನೇ ಬದಲಾಯಿಸಿತೆಂದರೆ ನಂಬುತ್ತೀರಾ? 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ಬಾರದೆ ಇಂಗ್ಲೆಂಡಿನ ಗಿರಣಿಗಳು ಬಾಯಿಬಿಟ್ಟವು. ಧಾರವಾಡ ಸೀಮೆಯ ಹತ್ತಿಯ ಮೇಲೆ ವ್ಯಾಪಾರಿಗಳ ಕಣ್ಣು ಬಿತ್ತು. ಆ ಹತ್ತಿ ಘಟ್ಟ ಇಳಿದು ಕಾರವಾರದಲ್ಲಿ ಹಡಗು ಏರಬೇಕು. ಆದರೆ ಧಾರವಾಡ ಮುಂಬಯಿ ಪ್ರಾಂತ, ಕಾರವಾರ ಮದ್ರಾಸ್ ಪ್ರಾಂತ. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೂ ಈ ಅಣ್ಣತಮ್ಮಂದಿರು ಬೇರೆಬೇರೆಯಾಗಿಯೇ ಬದುಕಿದರು. ಮುಂಬಯಿ ಪ್ರಾಂತದ ನ್ಯಾಯಾಧೀಶರಾಗಿ ಅಣ್ಣ ಸತ್ಯೇಂದ್ರನಾಥರು ಬಂದುದರಿಂದಲೇ ತರುಣ ರವೀಂದ್ರನಾಥ ಠಾಕೂರರು ಕಾರವಾರದ ಕಡಲತೀರ ಕಂಡದ್ದು. ಜೋಗದಲ್ಲಿ ಹೊಳೆಯ ಈಚೆ ದಡ, ಅಂದರೆ ಸಿದ್ದಾಪುರ ತಾಲ್ಲೂಕು, ಮುಂಬಯಿ. ಆಚೆ ದಡ ಮೈಸೂರು. ಎರಡೂ ದಡಗಳಲ್ಲಿ ಮುಂಬಯಿ ಬಂಗಲೆ, ಮೈಸೂರು ಬಂಗಲೆ ಎಂದು ಎದುರುಬದುರು ಬಂಗಲೆಗಳಿದ್ದುದು ಈ ಕಾರಣದಿಂದ.

ಇನ್ನು ತೋಟಕ್ಕೆ ಇಳಿಯೋಣ. ‘ಶಿರಸಿ ಸುಪಾರಿ’ ಎಂಬ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೇ ತಾಲ್ಲೂಕುಗಳಲ್ಲಿ ಬೆಳೆದುದಕ್ಕೆ ಮಾತ್ರ ಆ ಹೆಸರು. ನಿತ್ಯ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಸಾರಿತು. ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ಶುಭಕಾರ್ಯದ ತಾಂಬೂಲ ಒಂದು, ದಿನವಿಡೀ ದವಡೆಯಲ್ಲಿರುವ ಗುಟ್ಕಾ ಇನ್ನೊಂದು. ಎರಡನೆಯದನ್ನು ನಮ್ಮ ಹುಡುಗರಿಂದ ದೂರವಿಡುವುದು ಮನೆಯವರ ಹೊಣೆ.

ಆ ಅಡಿಕೆಮರವನ್ನು ತಬ್ಬಿ ಏರುವ ಕಾಳುಮೆಣಸಿನ ಬಳ್ಳಿ, ವೀಳ್ಯದೆಲೆಯ ಬಳ್ಳಿ ಎರಡೂ ಒಡಹುಟ್ಟಿದವು. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಕುಲ. ಆದರೆ ಕೆಂಪು ಮೆಣಸಿನಕಾಯಿ ಈ ಕುಲಕ್ಕೆ ಏನೂ ಅಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಖಾರವಾಗಿದ್ದುದರಿಂದ ಮೆಣಸಿನ ಹೆಸರನ್ನು ಪಡೆಯಿತು. ಅಕ್ಕಂದಿರೇ, ಈಗ ಯೋಚಿಸಿರಿ: ಹನ್ನೆರಡನೆಯ ಶತಮಾನದ ಕಲ್ಯಾಣದ ಮಹಾಮನೆಯಲ್ಲಿ ನಿತ್ಯ ದಾಸೋಹ ನಡೆಯುತ್ತಿದ್ದಾಗ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಬಟಾಟೆ ಇಲ್ಲ, ಟೊಮೆಟೊ ಇಲ್ಲ, ಗೋವಿನಜೋಳ ಇಲ್ಲ; ರೊಟ್ಟಿಗೆ ಶೇಂಗಾ ಹಿಂಡಿಯೂ ಇಲ್ಲ, ಏಕೆಂದರೆ ಶೇಂಗಾ ಸಹ ಆ ಖಂಡದ್ದೇ. ಜೋಳವಿತ್ತು, ಬೇಳೆಯಿತ್ತು, ಹಾಲು ತುಪ್ಪಗಳಿದ್ದವು. ಖಾರ ಬೇಕಾದರೆ ಕಾಳುಮೆಣಸೇ ಗತಿ, ಅದು ಬರಬೇಕಾದುದು ಘಟ್ಟದ ಸೀಮೆಯಿಂದ.

2000ದ ಆಸುಪಾಸಿನಲ್ಲಿ ಈ ತೋಟಗಳಲ್ಲಿ ವೆನಿಲ್ಲಾ ಬಳ್ಳಿಯ ಭರಾಟೆ ಎದ್ದಿತ್ತು. ಕೆಲವೇ ವರ್ಷಗಳಲ್ಲಿ ಬೆಲೆ ಬಿದ್ದು ಅಡಗಿತು. ಆಗ ಬೆಳಗಿನ ಹೊತ್ತು ಹೆಂಗಸರು, ಮಕ್ಕಳು ಕಡ್ಡಿಯಿಂದ ಹೂವಿನ ಪರಾಗಸ್ಪರ್ಶ ಮಾಡಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಉಪಾಯವನ್ನು ಕಂಡುಹಿಡಿದವನು ಯಾವ ವಿಜ್ಞಾನಿಯೂ ಅಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ, ಹನ್ನೆರಡು ವರ್ಷದ ಎಡ್ಮಂಡ್ ಎಂಬ ಹುಡುಗ. ಲೋಕದ ವೆನಿಲ್ಲಾ ವ್ಯಾಪಾರವೆಲ್ಲ ಅವನ ಬೆರಳಿನ ಚಳಕದ ಮೇಲೆ ನಿಂತಿತು. ಅವನು ಮಾತ್ರ ಬಡತನದಲ್ಲಿಯೇ ಸತ್ತನು.

ತೋಟ ದಾಟಿದರೆ ಕಾಡು. ಸಿದ್ದಾಪುರದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ಹಗಲಿನಲ್ಲಿಯೂ ಮಬ್ಬು. ಅದರೊಳಗೆ ವರ್ಷವಿಡೀ ನೀರು ನಿಲ್ಲುವ ರಾಮಪತ್ರೆ ಜಡ್ಡಿಗಳಿವೆ. ಮರಗಳ ಬೇರುಗಳು ಉಸಿರಾಡುವುದಕ್ಕಾಗಿ ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದು ನಿಂತಿರುತ್ತವೆ. ಅಲ್ಲಿ ಕಂಡ ಮರವೊಂದು ಲೋಕಕ್ಕೇ ಹೊಸದೆಂದು 2000ದಲ್ಲಿ ಸಸ್ಯವಿಜ್ಞಾನಿಗಳು ಪ್ರಕಟಿಸಿ, ಕಾಡಿನ ಹೆಸರನ್ನೇ ಇಟ್ಟರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಅಚ್ಚ ಕನ್ನಡದ ಕತ್ತಲೆ ಲ್ಯಾಟಿನ್ ಹೆಸರಿನೊಳಗೆ ಸೇರಿಹೋಯಿತು. ಬೆಳೆದ ಮರಗಳನ್ನು ಎಣಿಸಿದಾಗ ನೂರನ್ನೂ ಮುಟ್ಟಲಿಲ್ಲ.

ಈ ಮರದ ದಾಯಾದಿ ನಮ್ಮ ಎದೆಯ ಮೇಲೆಯೇ ಇದೆಯೆಂದರೆ ಅಚ್ಚರಿಪಡಬೇಡಿರಿ. ಅದೇ ಕುಲದ ಇನ್ನೊಂದು ಮರ ಕೇರು, ಕೆಲವು ಕಡೆ ಗೇರು ಎನ್ನುತ್ತಾರೆ. ಬಟ್ಟೆಗಳಿಗೆ ಗುರುತು ಹಾಕಲು ಮಡಿವಾಳರು ಬಳಸುತ್ತಿದ್ದ ಕಪ್ಪು ರಸದ ಬೀಜ ಅದರದು. ಕರಾವಳಿಯ ಗೇರುಬೀಜ, ಅಂದರೆ ಗೋಡಂಬಿ, ಬೇರೆ, ಅದು ಬ್ರೆಜಿಲಿನದು. ಇಷ್ಟಲಿಂಗದ ಮೇಲಿನ ಕಪ್ಪು ಕಂತೆಯನ್ನು ಹಳೆಯ ಪದ್ಧತಿಯಲ್ಲಿ ಕಟ್ಟುವಾಗ ಜೇಡಿಮಣ್ಣು, ಸಗಣಿಯ ಬೂದಿಗಳ ಜೊತೆಗೆ ಈ ಕೇರಿನ ರಸ ಕೂಡಿಸುತ್ತಿದ್ದರೆಂದು ನೂರು ವರ್ಷಗಳ ಹಿಂದಿನ ಬರಹಗಳಲ್ಲಿ ದಾಖಲೆಯಿದೆ. ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಆ ರಸವನ್ನು ಹದವರಿತು ಬಳಸುತ್ತಿದ್ದ ಕೈಗಳು ಈಗ ವಿರಳ. ನಿಮ್ಮ ಊರಿನಲ್ಲಿ ಕಂತೆ ಕಟ್ಟುವ ಹಿರಿಯರು ಇನ್ನೂ ಇದ್ದರೆ, ಅವರ ಬಳಿ ಕುಳಿತು ಯಾವ ಯಾವ ವಸ್ತು, ಎಷ್ಟೆಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ; ನಮಗೂ ತಿಳಿಸಿರಿ. ಅವರ ಅನಂತರ ಕೇಳಲು ಯಾರೂ ಇರುವುದಿಲ್ಲ.

ಕಾಡಿನ ಮಾತಿನಲ್ಲಿಯೇ ಇನ್ನೆರಡು. ಮರವನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆಯುವ ‘ಅಪ್ಪಿಕೋ’ ಚಳವಳಿ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಕಳಸೆ ಕಾಡಿನಲ್ಲಿ ಮೊದಲಾಯಿತು. ಈ ಕನ್ನಡದ ಮಾತು ಈಗ ಹೊರದೇಶಗಳ ಪರಿಸರ ಗ್ರಂಥಗಳಲ್ಲಿಯೂ ಇದೆ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿದರು. ಆ ಕಪಿಗಳು ಭಾರತದಲ್ಲಿ ಇದಕ್ಕಿಂತ ಉತ್ತರಕ್ಕೆ ಇಲ್ಲ.

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಿಂದೆ ಅಲ್ಲಿ ಕೋಣನ ಬಲಿಯಿತ್ತು. ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದುದು 1934ರಲ್ಲಿ; ಆ ದಶಕದಲ್ಲಿಯೇ ಬಲಿ ನಿಂತಿತು. ಕಾಯಿದೆಯಿಂದ ನಿಲ್ಲದ ಎಷ್ಟೋ ಕಡೆಗಳಿವೆ. ಇಲ್ಲಿ ಊರವರೇ ಮನಸ್ಸು ಮಾಡಿ ನಿಲ್ಲಿಸಿದರು.

ಯಲ್ಲಾಪುರದ ಕಾಡುಗಳಲ್ಲಿ ಸಿದ್ದಿ ಜನ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಇವರ ಪೂರ್ವಿಕರು ಪೂರ್ವ ಆಫ್ರಿಕದವರು. ಗುಲಾಮರಾಗಿ ಕಡಲು ದಾಟಿ ಬಂದು, ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಹಲವರು. ಇವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಈ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲೇರಿದ ಮೊದಲಿಗರಾದರು. ಚೆನ್ನಬಸವಣ್ಣನವರ ಉಳವಿಗೆ ಯಲ್ಲಾಪುರದ ಕಡೆಯಿಂದ ಯಾತ್ರೆ ಹೋಗುವಾಗ ದಾರಿಯ ಊರುಗಳಲ್ಲಿ ಗುಂಗುರುಗೂದಲಿನ ಮಕ್ಕಳು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ಬೆರಗಾಗುವ ನಮ್ಮವರಿದ್ದಾರೆ. ಅವರು ಅಲ್ಲಿಯ ಮಣ್ಣಿನ ಮಕ್ಕಳೇ, ಯಾತ್ರೆ ಬಂದವರು ನಾವು.

ಈ ತಿಂಗಳ ಪ್ರಶ್ನೆ ಮಕ್ಕಳಿಗೆ. ಕಪ್ಪು ಶಿಲೆಗಳ ಯಾಣಕ್ಕೆ ಹೋಗುವವರಲ್ಲಿ ಅನೇಕರು ಶಿರಸಿಯ ಮೇಲಿಂದಲೇ ಹೋಗುತ್ತಾರೆ. ಆದರೆ ಯಾಣ ಸೇರಿರುವುದು ಶಿರಸಿ ತಾಲ್ಲೂಕಿಗಲ್ಲ. ಹಾಗಾದರೆ ಯಾವ ತಾಲ್ಲೂಕಿಗೆ? ಎರಡನೆಯದು: ನಿಮ್ಮ ಊರಿನ ಹಳ್ಳ ಯಾವ ಹೊಳೆಯನ್ನು, ಆ ಹೊಳೆ ಯಾವ ನದಿಯನ್ನು, ಆ ನದಿ ಯಾವ ಸಮುದ್ರವನ್ನು ಸೇರುತ್ತದೆ? ಹಿರಿಯರನ್ನು ಕೇಳಿ, ಭೂಪಟ ನೋಡಿ, ಉತ್ತರವನ್ನು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿರಿ.